ಪೆನ್ಶನ್ ಸಮರವೂ ಮೂವತ್ತು ಕಿಲೋದ ಪೆಟ್ಟಿಗೆಯೂ

ಹರತಾಳದ ದಿನ ಕಾಸರಗೋಡಿನಲ್ಲಿ ಕಾರು ಹೊರಡಿಸುವ ಕ್ರಮ ಎಲ್ಲರಿಗೂ ಗೊತ್ತು. ಒಂದು ಬಿಳಿ ಹಾಳೆ, ಒಂದು ಮಾರ್ಕರ್ ಪೆನ್ನು, ನಾಲ್ಕು ತುಂಡು ಟೇಪು. ಹಾಳೆಯಲ್ಲಿ ದೊಡ್ಡಕ್ಷರದಲ್ಲಿ 'ಏರ್‌ಪೋರ್ಟ್' ಎಂದು ಬರೆದು ಎದುರು ಗಾಜಿಗೆ ಒಳಗಿನಿಂದ ಅಂಟಿಸಬೇಕು. ಮಲಯಾಳದಲ್ಲಿ ಬರೆದರೆ ಉತ್ತಮ. ಕನ್ನಡದ ಹಾಳೆಗೆ ಕುಂಬಳೆಯಿಂದಾಚೆಗೆ ಮಾತ್ರ ಬಲ. ಹಾಲು, ಪತ್ರಿಕೆ, ಆಸ್ಪತ್ರೆ, ವಿಮಾನ – ಈ ನಾಲ್ಕಕ್ಕೆ ಕಲ್ಲು ಬೀಳುವುದಿಲ್ಲ. 1997ರಲ್ಲಿ ಕೇರಳ ಹೈಕೋರ್ಟು 'ಬಂದ್' ಕೂಡದೆಂದಿತು, ಅದೇ ವರ್ಷ ಸುಪ್ರೀಂ ಕೋರ್ಟೂ ಹೌದೆಂದಿತು. ಮರುದಿನದಿಂದಲೇ ನಾವು ಅದನ್ನು 'ಹರತಾಳ' ಎಂದು ಕರೆದು ಕಾನೂನನ್ನು ಅಕ್ಷರಶಃ ಪಾಲಿಸಿಕೊಂಡು ಬಂದೆವು. ಆದರೆ ಆ ಹಾಳೆಯ ಮರ್ಯಾದೆಗೆ ಯಾರೂ ಕೈ ಹಚ್ಚಲಿಲ್ಲ.

ಹಾಗಿರುವಾಗ ಪೆನ್ಶನ್ನಿಗಾಗಿ ವಿಮಾನ ನಿಲ್ದಾಣದ ಒಳಗೇ ಸಮರ ಶುರುವಾದರೆ ಹಾಳೆ ಎಲ್ಲಿ ಅಂಟಿಸುವುದು ಮಾರಾಯ್ರೆ? ವಿಮಾನದ ಗಾಜಿಗೋ?

(ಕನ್ನಡದಲ್ಲಿ ಸಮರವೆಂದರೆ ಯುದ್ಧ. ತಲಪಾಡಿಯಿಂದೀಚೆ ಅದು ಮುಷ್ಕರ. ಪ್ರಯಾಣಿಕನಿಗೆ ಎರಡೂ ಒಂದೇ ಆದ್ದರಿಂದ ಅನುವಾದ ಬೇಡ.)

ಈ ವಿಷಯದಲ್ಲಿ ಬೆಲ್ಜಿಯಂನವರು ಅಚ್ಚುಕಟ್ಟು ಜನ. ಅಲ್ಲಿನ ಸರಕಾರ ಪಿಂಚಣಿಗೆ ಕತ್ತರಿ ಹಾಕಲು ಹೊರಟದ್ದಕ್ಕೆ 2025ರ ಮಾರ್ಚ್ 31ರಂದು ದೇಶವ್ಯಾಪಿ ಮುಷ್ಕರವಾಯಿತು. ಬ್ರಸೆಲ್ಸ್ ವಿಮಾನ ನಿಲ್ದಾಣದಿಂದ ಅಂದು ಪ್ರಯಾಣಿಕರ ಒಂದು ವಿಮಾನವೂ ಹೊರಡಲಿಲ್ಲ. ಭದ್ರತಾ ತಪಾಸಣೆಗೆ ಜನವಿಲ್ಲದಿದ್ದರೆ ಪೈಲಟ್ ಇದ್ದೇನು, ವಿಮಾನವಿದ್ದೇನು? ಆದರೆ ಅಲ್ಲಿ ತಾರೀಖು ಮೊದಲೇ ಗೊತ್ತಿರುತ್ತದೆ. ನಮ್ಮ ಮದುವೆ ಕಾಗದದ ಹಾಗೆ ಮುಂಚಿತವಾಗಿ ತಿಳಿಸಿ, ನಿಲ್ದಾಣವೇ 'ದಯವಿಟ್ಟು ಬರಬೇಡಿ' ಎನ್ನುತ್ತದೆ. ಅಲ್ಲಿ ನಿವೃತ್ತಿಯ ವಯಸ್ಸು ಈಗ 66, 2030ಕ್ಕೆ 67. ಫ್ರಾನ್ಸಿನಲ್ಲಿ 2023ರಲ್ಲಿ 62ನ್ನು 64 ಮಾಡಲು ಹೋಗಿ ಪ್ಯಾರಿಸ್ಸಿನ ಓರ್ಲಿಯಲ್ಲಿ ದಿನಗಟ್ಟಲೆ ವಿಮಾನ ರದ್ದಾದವು.

ನಮ್ಮಲ್ಲಿ ಮುಷ್ಕರವಲ್ಲ, ಜ್ವರ. 2024ರ ಮೇ 7ರ ರಾತ್ರಿ ಗಲ್ಫಿಗೆ ಹಾರುವ ಕಂಪನಿಯೊಂದರ ಕ್ಯಾಬಿನ್ ಸಿಬ್ಬಂದಿಗೆ ಒಟ್ಟಿಗೆ ಜ್ವರ ಬಂತು. ಅದು ಪೆನ್ಶನ್ನಿನ ಜಗಳವಾಗಿರಲಿಲ್ಲ, ಸೇವಾ ಷರತ್ತಿನದ್ದು. 25 ಮಂದಿಯನ್ನು ವಜಾ ಮಾಡಿದ ಮೇಲೆ, 9ನೇ ತಾರೀಖು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಮಾತುಕತೆಯಾಗಿ, ವಜಾ ಆದೇಶ ಹಿಂದಕ್ಕೆ ಹೋಗಿ, ಎಲ್ಲರ ಜ್ವರವೂ ಒಂದೇ ಸಹಿಯಲ್ಲಿ ಇಳಿಯಿತು. ಪ್ಯಾರಸಿಟಮಾಲ್ ಕಂಪನಿಗಳು ಇನ್ನೂ ಇದರ ಗುಟ್ಟು ಹುಡುಕುತ್ತಿರಬಹುದು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆ ಈ ಜ್ವರಕ್ಕೂ ಮದ್ದು ತಂದಿದೆ. ಮುಷ್ಕರಕ್ಕೆ 14 ದಿನದ ಮುಂಗಡ ನೋಟಿಸು ಬೇಕು. ಸಂಧಾನ ನಡೆಯುತ್ತಿದ್ದರೆ ಹೂಡುವಂತಿಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಮಾತನಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಅಂದರೆ ನೂರರಲ್ಲಿ ಐವತ್ತು ಮಂದಿಯ ಅಜ್ಜಿ ಒಂದೇ ದಿನ ತೀರಿಕೊಂಡರೆ ಅಪರಾಧ. ನಲವತ್ತೊಂಬತ್ತು ಮಂದಿಯದ್ದಾದರೆ ಸಂತಾಪ.

ಇನ್ನು ಜಗಳದ ಮೂಲಕ್ಕೆ ಬರೋಣ. ಮಂಗಳೂರು ವಿಮಾನ ನಿಲ್ದಾಣದ ಕಟ್ಟಡವನ್ನು 2020ರ ಅಕ್ಟೋಬರ್ 31ರಿಂದ ಖಾಸಗಿ ಕಂಪನಿ ನಡೆಸುತ್ತಿದೆ. ಗೋಪುರದಲ್ಲಿ ಕುಳಿತು ವಿಮಾನ ಇಳಿಸುವವರು ವಿಮಾನ ನಿಲ್ದಾಣ ಪ್ರಾಧಿಕಾರದವರು. ಬಂದೂಕು ಹಿಡಿದವರು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು, ಮುದ್ರೆ ಒತ್ತುವವರು ವಲಸೆ ವಿಭಾಗದವರು, ಪೆಟ್ಟಿಗೆ ಎತ್ತುವವನು ಗುತ್ತಿಗೆದಾರನ ಕೈಕೆಳಗಿನವನು. ಸೂರು ಒಂದೇ, ಮುಪ್ಪು ಮಾತ್ರ ನಾಲ್ಕು ನಮೂನೆ. 2004ರ ಜನವರಿ 1ಕ್ಕೆ ಮೊದಲು ಕೇಂದ್ರ ಸರಕಾರದ ಕೆಲಸಕ್ಕೆ ಸೇರಿದವರಿಗೆ ಹಳೆ ಪೆನ್ಶನ್. ಆಮೇಲೆ ಬಂದವರಿಗೆ ಶೇರುಪೇಟೆಯ ಜೊತೆ ಏರಿಳಿಯುವ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). 2025ರ ಏಪ್ರಿಲ್ 1ರಿಂದ ಬೇಕಾದವರಿಗೆ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ): 25 ವರ್ಷ ದುಡಿದರೆ ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯಲ್ಲಿ ಅರ್ಧ, 10 ವರ್ಷಕ್ಕೆ ಕನಿಷ್ಠ 10,000.

ಪೆಟ್ಟಿಗೆ ಎತ್ತುವವನ ಲೆಕ್ಕ ಬೇರೆ. ಅವನಿಗಿರುವುದು 1995ರ ನೌಕರರ ಪಿಂಚಣಿ ಯೋಜನೆ, ಇಪಿಎಸ್. ಮಾಲೀಕನ ಪಾಲಿನಿಂದ ಸಂಬಳದ ಶೇ. 8.33 ಅದಕ್ಕೆ ಹೋಗುತ್ತದೆ. ಆದರೆ 'ಸಂಬಳ' ಎಂದರೆ ಎಷ್ಟು ಎಂಬುದನ್ನು ಸರಕಾರ 2014ರ ಸೆಪ್ಟೆಂಬರ್ 1ರಂದು 15,000ಕ್ಕೆ ನಿಲ್ಲಿಸಿತು. ಹತ್ತು ವರ್ಷ ಕಳೆದರೂ ಅದು ಅಲ್ಲಾಡಲಿಲ್ಲ. ಹಾಗಾಗಿ ಅವನ ಪೆನ್ಶನ್ನಿಗೆಂದು ಕಟ್ಟುವುದು ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ಸೂತ್ರ ಸುಲಭ: ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಿ. 18 ವರ್ಷ ದುಡಿದವನಿಗೆ 58ರ ನಂತರ ತಿಂಗಳಿಗೆ 3,857 ರೂಪಾಯಿ. 58ರ ತನಕ ತಡೆಯಲಾರೆ ಎಂದರೆ 50ರಿಂದಲೂ ಸಿಗುತ್ತದೆ, ಮುಂಚಿನ ಪ್ರತಿ ವರ್ಷಕ್ಕೆ ಶೇ. 4 ಕಡಿತ.

ಅದೂ ಕಾಗದ ಸರಿಯಿದ್ದರೆ. ಗುತ್ತಿಗೆ ಕೈ ಬದಲಾದಾಗ ಹಳೆ ಗುತ್ತಿಗೆದಾರ 'ಕೆಲಸ ಬಿಟ್ಟ ತಾರೀಖು' ದಾಖಲಿಸಿ ಹೋಗಬೇಕು. ಅವನು ಹೋಗುವುದನ್ನು ಮಾತ್ರ ಮಾಡುತ್ತಾನೆ. ಹೊಸಬ ಹಳೆಯ ಯುಎಎನ್ (ಭವಿಷ್ಯನಿಧಿ ಖಾತೆಯ ನಂಬರು) ಕೇಳದೆ ಹೊಸತೊಂದು ತೆಗೆಸುತ್ತಾನೆ. ಎರಡನ್ನೂ ಸೇರಿಸಲು ಹೋದರೆ ಹೆಸರು ಹೊಂದುವುದಿಲ್ಲ: ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ನಾರಾಯಣ, ಆಧಾರಿನಲ್ಲಿ ಯಾವನೋ ಪುಣ್ಯಾತ್ಮ ಒಂದು 'ನ್' ಸೇರಿಸಿ ನಾರಾಯಣನ್. ಒಂದೇ ದೇಹಕ್ಕೆ ಎರಡು ಸೇವೆ, ಎರಡೂ ಹತ್ತು ವರ್ಷಕ್ಕಿಂತ ಕಮ್ಮಿ. ಹತ್ತಾಗದಿದ್ದರೆ ಪೆನ್ಶನ್ನೇ ಇಲ್ಲ. ಇಷ್ಟೆಲ್ಲ ದಾಟಿ ಪೆನ್ಶನ್ ಶುರುವಾದರೂ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಬೇಕು. ವರ್ಷಾನುಗಟ್ಟಲೆ ಹಗ್ಗ ಕಟ್ಟಿದ ಪೆಟ್ಟಿಗೆ ಎಳೆದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಈಗ ಮುಖ ತೋರಿಸಿದರೂ ಸಾಕಂತೆ. ಮುಖ ಇನ್ನೂ ತೇಯಲಿಲ್ಲ, ಪುಣ್ಯ.

ಇದನ್ನು ಬದಲಿಸಬೇಕಾದ ಸಂಸದರಿಗೆ 2023ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಪೆನ್ಶನ್ 25,000ದಿಂದ 31,000ಕ್ಕೆ ಏರಿತು. ಸದನದಲ್ಲಿ ಎಷ್ಟು ಕಾಲ ಇದ್ದರೂ ಸಾಕು, ಹತ್ತು ವರ್ಷದ ಗೊಡವೆಯಿಲ್ಲ. ಐದು ವರ್ಷ ದಾಟಿದರೆ ಪ್ರತಿ ವರ್ಷಕ್ಕೆ ಇನ್ನೂ 2,500. ಹದಿನೆಂಟು ವರ್ಷ ಪೆಟ್ಟಿಗೆ ಎತ್ತಿದವನಿಗಿಂತ ಎಂಟು ಪಾಲು. ದೆಹಲಿಯನ್ನೇ ಬೈಯಬೇಕೆಂದಿಲ್ಲ, ನಮ್ಮ ಕೇರಳದಲ್ಲಿ 2013ರ ಏಪ್ರಿಲ್ ನಂತರ ಸರಕಾರಿ ಕೆಲಸಕ್ಕೆ ಸೇರಿದ ಮಾಸ್ತರರಿಗೆ ಪಾಲು ಕಟ್ಟುವ ಪೆನ್ಶನ್, ಮಂತ್ರಿಯ ಆಪ್ತ ಸಿಬ್ಬಂದಿಗೆ ಮಾತ್ರ ಎರಡು ವರ್ಷ ಮೀರಿದರೆ ಜೀವಮಾನದ ಪೆನ್ಶನ್. ಎರಡು ವರ್ಷಕ್ಕೊಬ್ಬರಂತೆ ಬದಲಾಯಿಸಿದರೆ ಒಂದೇ ಕುರ್ಚಿಯಲ್ಲಿ ಎರಡು ಪೆನ್ಶನ್ ಮರಿ ಮಾಡುತ್ತದೆ. 2022ರಲ್ಲಿ ರಾಜ್ಯಪಾಲರೇ ಇದನ್ನು ಎತ್ತಿ ಆಡಿದರು. ಕುರ್ಚಿ ಅಲುಗಲಿಲ್ಲ.

ಇಷ್ಟಾಗಿ, 3,857ರವನು ಕೈ ಕಟ್ಟಿ ಕುಳಿತರೆ ವಿಮಾನ ನಿಜವಾಗಿ ನಿಲ್ಲುತ್ತದೆಯೇ? ಗಲ್ಫಿಗೆ ಹೋಗುವ ಬೋಯಿಂಗ್ 737–800ರಲ್ಲಿ 189 ಸೀಟು. ಎಲ್ಲರೂ 30 ಕಿಲೋ ತಂದರೆ 5,670 ಕಿಲೋ. ಈ ವಿಮಾನದ ಹೊಟ್ಟೆಗೆ ಕಂಟೇನರ್ ಹೋಗುವುದಿಲ್ಲ, ಪ್ರತಿ ಪೆಟ್ಟಿಗೆಯನ್ನೂ ಕೈಯಲ್ಲೇ ಜೋಡಿಸಬೇಕು. ಒಳಗಿನ ಎತ್ತರ ಸುಮಾರು 1.1 ಮೀಟರು, ನಮ್ಮ ಹಳೆ ಮನೆಯ ಅಟ್ಟಕ್ಕಿಂತ ಕಡೆ. ನಿಲ್ಲಲಾಗದು, ಮೊಣಕಾಲೂರಿ, ಬೆಲ್ಟಿನಲ್ಲಿ ಬಂದದ್ದನ್ನು ಹಿಂದಕ್ಕೆ ತಳ್ಳಿ, ತೂಕ ಹಿಂದೆ ಮುಂದೆ ಹಂಚಿ, ಬಲೆ ಕಟ್ಟಿ ಹೊರಬರಬೇಕು. ಏಪ್ರಿಲಿನ ಮಂಗಳೂರಿನಲ್ಲಿ, ಫ್ಯಾನಿಲ್ಲದೆ. ನಿವೃತ್ತಿಯ ವಯಸ್ಸು ಏರಿಸಬೇಕೆನ್ನುವ ಪಂಡಿತರ ಸಭೆಯನ್ನು ಒಮ್ಮೆ ಅಲ್ಲಿ ಕರೆಯಬಹುದು, ಚಾಪೆ ನಾವೇ ಕೊಡುತ್ತೇವೆ.

ಪೆಟ್ಟಿಗೆ ಬಿಟ್ಟಾದರೂ ವಿಮಾನ ಹಾರೀತು, ಬೆಂಕಿ ನಂದಿಸುವವರಿಲ್ಲದಿದ್ದರೆ ಇಳಿಯಲೇ ಆಗದು. ವಿಮಾನದ ಉದ್ದ ನೋಡಿ ನಿಲ್ದಾಣಕ್ಕೆ ಅಗ್ನಿ ದರ್ಜೆ ಕೊಡುತ್ತಾರೆ. 37.57 ಮೀಟರಿನ ಎ320ಕ್ಕೆ 6ನೇ ದರ್ಜೆ ಸಾಕು, 39.5 ಮೀಟರಿನ 737–800ಕ್ಕೆ 7 ಬೇಕು, ಏಕೆಂದರೆ ಗೆರೆ ಇರುವುದು 39ರಲ್ಲಿ. ಎರಡಕ್ಕೂ ಕನಿಷ್ಠ ಎರಡು ವಾಹನ, ರನ್‌ವೇಯ ಯಾವ ತುದಿಗೂ ಮೂರು ನಿಮಿಷದೊಳಗೆ ತಲುಪುವಷ್ಟು ಆಳು. ಪಾಳಿಗೆ ಜನ ಕಮ್ಮಿಯಾದರೆ ದರ್ಜೆ ಇಳಿಯುತ್ತದೆ, ದರ್ಜೆ ಇಳಿದರೆ ವಿಮಾನ ಬೇರೆ ಊರಿಗೆ. 2010ರ ಮೇ 22ರಂದು 158 ಜೀವ ಹೋದ ಮಂಗಳೂರಿನಲ್ಲಿ ಈ ಲೆಕ್ಕವನ್ನು ಯಾರೂ ತಮಾಷೆ ಮಾಡುವುದಿಲ್ಲ, ನಾವೂ ಮಾಡುವುದಿಲ್ಲ.

ಕಾಸರಗೋಡಿನವರಿಗೆ ಮಂಗಳೂರು ಬಿಟ್ಟರೆ ಕಣ್ಣೂರು ಉಂಟಲ್ಲ ಎನ್ನಬಹುದು. 2018ರ ಡಿಸೆಂಬರ್ 9ರಂದು ಮಟ್ಟನ್ನೂರಿನ ಗುಡ್ಡದ ಮೇಲೆ ತೆರೆದದ್ದು. ವಿದೇಶಿ ಕಂಪನಿಗಳಿಗೆ ಅಲ್ಲಿ ಇಳಿಯುವ ಅಪ್ಪಣೆ ಸಿಗಲಿಲ್ಲ, ಹಾಗಾಗಿ ಗಲ್ಫಿಗೆ ಹಾರುವುದು ನಮ್ಮ ಕಂಪನಿಗಳೇ. ಬಾಗಿಲು ಎರಡು, ಚಿಲಕ ಒಂದೇ.

ಪ್ರಯಾಣಿಕನಿಗೆ ಪರಿಹಾರ? ಮೊದಲೇ ತಿಳಿಸದೆ ರದ್ದು ಮಾಡಿದರೆ, ಎರಡು ಗಂಟೆ ಮೀರಿದ ಹಾರಾಟಕ್ಕೆ 10,000 ರೂಪಾಯಿ, ಅಥವಾ ಮೂಲದರ ಮತ್ತು ಇಂಧನ ಶುಲ್ಕ – ಯಾವುದು ಕಡಿಮೆಯೋ ಅದು. ಓದಿ ಖುಷಿಪಡುವ ಹೊತ್ತಿಗೆ ಕೆಳಗೊಂದು ಸಾಲು: ನೆರೆ, ದಂಗೆ, ಅಂತರ್ಯುದ್ಧ, ಸ್ಫೋಟ ಮತ್ತು ಮುಷ್ಕರದಿಂದಾದರೆ ಇಲ್ಲ. ಮೂವತ್ತೆಂಟು ನೂರರ ಪೆನ್ಶನ್ ಕೇಳಿದವನನ್ನು ನೆರೆಯ ಪಕ್ಕದಲ್ಲಿ ಕೂರಿಸಿದ ಶ್ರೇಯಸ್ಸು ನಮ್ಮ ನಿಯಮಕ್ಕೆ. ಯುರೋಪಿನಲ್ಲೂ ನಿಲ್ದಾಣದ ನೌಕರರ ಮುಷ್ಕರಕ್ಕೆ 600 ಯೂರೋವರೆಗಿನ ಪರಿಹಾರ ಸಿಗುವುದಿಲ್ಲ, ಊಟ ವಸತಿಯನ್ನು ಮಾತ್ರ ಕೊಡಲೇಬೇಕು. ಆದರೆ ವಿಮಾನ ಕಂಪನಿಯ ಸ್ವಂತ ಸಿಬ್ಬಂದಿಗೆ ಸಾಮೂಹಿಕ ಜ್ವರ ಬಂದರೆ ಅದು ಕಂಪನಿಯ ಮನೆಜಗಳ, ದುಡ್ಡು ಕೊಡಿ ಎಂದು 2018ರ ಏಪ್ರಿಲಿನಲ್ಲಿ ಅಲ್ಲಿನ ನ್ಯಾಯಾಲಯ ಹೇಳಿಬಿಟ್ಟಿತು.

ಆದ್ದರಿಂದ ಒಂದೆರಡು ಕಿವಿಮಾತು. ಸುದ್ದಿ ಕೇಳಿ ಹೆದರಿ ನೀವಾಗಿ ಟಿಕೆಟ್ ರದ್ದು ಮಾಡಬೇಡಿ. ಕಂಪನಿಯೇ ರದ್ದು ಮಾಡಲಿ, ಆಗ ಪೂರ್ತಿ ಹಣ ಅಥವಾ ಬದಲಿ ವಿಮಾನ ನಿಮ್ಮ ಆಯ್ಕೆ. ಅದರ ಸಂದೇಶ ಅಳಿಸಬೇಡಿ. ಏಜೆಂಟರಲ್ಲಿ ತೆಗೆದ ಟಿಕೆಟಾದರೆ ಹಣ ಅವರ ಮೂಲಕವೇ ಬರುವುದು, ಅಂದರೆ ಉಪ್ಪಳದ ಅಂಗಡಿಗೆ ನಾಲ್ಕು ಸಲ ನಡೆಯಿರಿ. ಯುಎಇ ವೀಸಾದವರು 180 ದಿನದ ಕೊನೆಯ ವಾರಕ್ಕೆ ಟಿಕೆಟ್ ಇಟ್ಟುಕೊಳ್ಳಬೇಡಿ. ಅಷ್ಟು ದಿನ ಹೊರಗಿದ್ದರೆ ವೀಸಾ ಬಿದ್ದುಹೋಗುತ್ತದೆ, ಅಲ್ಲಿನವರಿಗೆ ಇಲ್ಲಿಯ ಪೆನ್ಶನ್ ಕಥೆ ಹೇಳಿ ಪ್ರಯೋಜನವಿಲ್ಲ.

ವಲಸೆ ವಿಭಾಗ ದಾಟಿದ ಮೇಲೆ ವಿಮಾನ ರದ್ದಾದರೆ ಸುಮ್ಮನೆ ಹೊರಗೆ ಬರಲಾಗದು. ಪಾಸ್‌ಪೋರ್ಟಿನಲ್ಲಿ ಬಿದ್ದ ನಿರ್ಗಮನ ಮುದ್ರೆಯನ್ನು ಅವರೇ ರದ್ದು ಮಾಡಿ ಕೊಡಬೇಕು. ಅಲ್ಲಿಯ ತನಕ ನೀವು ನಿಲ್ದಾಣವಿರುವ ಬಜ್ಪೆಯಲ್ಲಿ ನಿಂತು ಚಹಾ ಕುಡಿಯುತ್ತಿದ್ದರೂ ಕಾಗದದಲ್ಲಿ ದೇಶ ಬಿಟ್ಟವರು. ಉಳಿದ ಪ್ರಯಾಣಿಕರಿಗೆ ಇದು ಗಾಬರಿ. ದೇಹ ಒಂದು ಕಡೆ, ಕಾಗದ ಇನ್ನೊಂದು ಕಡೆ ಎಂಬ ವಿದ್ಯೆಯಲ್ಲಿ ಕಾಸರಗೋಡಿನ ಕನ್ನಡಿಗನಿಗೆ 1956ರ ನವೆಂಬರ್ 1ರಿಂದ ಅಭ್ಯಾಸವಿದೆ, ಅವನು ಇನ್ನೊಂದು ಚಹಾ ಹೇಳುತ್ತಾನೆ.

ಮನೆಗೆ ಮರಳಿದರೆ ಪೆಟ್ಟಿಗೆಯ ಹಗ್ಗ ಬಿಚ್ಚಬೇಡಿ, 29.8ಕ್ಕೆ ಕೂರಿಸಿದ ತೂಕ ಮತ್ತೆ ಹಾಗೆ ಕೂರುವುದಿಲ್ಲ. ಒಣ ಕೊಬ್ಬರಿ ಇದ್ದರೆ ಮಾತ್ರ ತೆಗೆಯಿರಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದೆಂದು ಅದಕ್ಕೆ ಮುಷ್ಕರವಿಲ್ಲದ ದಿನವೂ ಪ್ರವೇಶವಿಲ್ಲ. ಹಪ್ಪಳ ತಡೆಯುತ್ತದೆ, ಉಪ್ಪಿನಕಾಯಿ ತಡೆಯುತ್ತದೆ. ಅಡಿಯಲ್ಲಿ ಅಮ್ಮ ಯಾರಿಗೂ ಹೇಳದೆ ಇಟ್ಟ ಹಲಸಿನ ಹಣ್ಣು ಇದ್ದರೆ ಇವತ್ತೇ ಕೊಯ್ದು ಅಕ್ಕಪಕ್ಕದವರಿಗೆ ಹಂಚಿ. ಅದು ಸಂಧಾನಕ್ಕೆ ಕಾಯುವುದಿಲ್ಲ.