ಸಾಲ ಬೇಡ, ದುಡಿದು ಕಟ್ಟಿ ಓದ್ತೀನಿ ಅಂದ್ರೆ ಯಾಕಿಷ್ಟು ಕಾಟ?

ನಮ್ಮ ಕಾಲೇಜಿನ ಫೀಸು ಕಟ್ಟುವ ಪೋರ್ಟಲ್‌ನಲ್ಲಿ ಇರುವುದು ಎರಡೇ ಬಟನ್. ಒಂದು, ಪೂರ್ತಿ ಮೊತ್ತ ಕಟ್ಟಿ. ಇನ್ನೊಂದು, ಸಾಲಕ್ಕೆ ಅರ್ಜಿ ಹಾಕಿ. ಸಂಬಳದಲ್ಲಿ ತಿಂಗಳು ತಿಂಗಳು ಇಷ್ಟಿಷ್ಟು ಕಟ್ಟಿಕೊಂಡು ಹೋಗುತ್ತೇನೆ ಅನ್ನುವವರು ಯಾವುದನ್ನು ಒತ್ತಬೇಕು?

ಫೋನ್ ಮಾಡಿ ಕೇಳಿದೆ. "ಲೋನ್ ತಗೊಂಡ್ಬಿಡಿ ಮೇಡಂ, ಎಲ್ರೂ ಅದೇ ಮಾಡೋದು" ಅಂದರು. ಸಾಲ ಬೇಡ ಅಂದೆ. "ಹಾಗಾದ್ರೆ ಒಂದೇ ಸಲ ಕಟ್ಟಿ." ಮಾತು ಮುಗಿಯಿತು, ಫೋನ್ ಇಟ್ಟರು.

ಸಾಲ ಯಾಕೆ ಬೇಡ ಅಂದರೆ, ನನಗೆ ಲೆಕ್ಕ ಬರುತ್ತೆ. ಶೇಕಡಾ 10ರ ಬಡ್ಡಿಗೆ 10 ವರ್ಷದ ಕಂತು ಹಾಕಿಸಿಕೊಂಡರೆ, ತಗೊಂಡ ಪ್ರತಿ 100ಕ್ಕೆ 158ಕ್ಕಿಂತ ಜಾಸ್ತಿ ವಾಪಸ್ ಕಟ್ಟಬೇಕು. ಓದುವಾಗಲೂ ಬಡ್ಡಿ ಏರುತ್ತಿದ್ದರೆ ಇನ್ನೂ ಜಾಸ್ತಿ. ಹದಿನೆಂಟರ ಹುಡುಗರಿಗೆ ಅದನ್ನು ತೀರಿಸೋಕೆ ಇಡೀ ದುಡಿಮೆಯ ಕಾಲ ಮುಂದಿದೆ. ನಲವತ್ತು ದಾಟಿದವಳಿಗೆ ಎಲ್ಲಿದೆ? ಮನೆ ಸಾಲ, ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ ಎಲ್ಲ ಆಗಲೇ ತಲೆ ಮೇಲಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟರು. ಈಗ ಹಾಗೆ ಚಾಚಿದವರಿಗೇ ದಂಡ!

ಕಂತಿನ ಸೌಲಭ್ಯ ಇರುವ ಕಡೆಯೂ ಸುಮ್ನೆ ಕೊಡಲ್ಲ. ಪ್ರತಿ ಕಂತಿಗೆ ಬೇರೆ ಶುಲ್ಕ, ಒಂದು ದಿನ ತಡವಾದರೆ ದಂಡ, ಬಾಕಿ ಇದ್ದರೆ ರಿಸಲ್ಟ್ ತಡೆಹಿಡಿಯುತ್ತಾರೆ.

ಸ್ಕಾಲರ್‌ಶಿಪ್ ಹುಡುಕೋಣ ಅಂದರೆ ಅಲ್ಲಿ ಇನ್ನೊಂದು ಗೋಳು. ಒಂದಕ್ಕೆ ವಯಸ್ಸು ದಾಟಿದೆ. ಇನ್ನೊಂದು ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಮಾತ್ರ. ಮತ್ತೊಂದರ ಅರ್ಜಿಯಲ್ಲಿ "ಪೋಷಕರ ಆದಾಯ" ಅನ್ನುವ ಖಾನೆ ಕಡ್ಡಾಯ. ನಾನೇ ಒಬ್ಬಳು ಪೋಷಕಿ ಕಣ್ರೀ! ಖಾಲಿ ಬಿಟ್ಟರೆ ಕೆಂಪು ಗೆರೆ ಬರುತ್ತೆ, ಮುಂದಿನ ಪುಟಕ್ಕೆ ಹೋಗಲ್ಲ. ಸೊನ್ನೆ ಹಾಕಿದರೆ ಪುರಾವೆ ಕೇಳುತ್ತೆ. ನನ್ನ ಸಂಬಳದ ಚೀಟಿ ಕೊಡೋಕೆ ಜಾಗವೇ ಇಲ್ಲ. ಓದುವವರ ಹಿಂದೆ ದುಡಿಯುವ ಅಪ್ಪನೋ ಅಮ್ಮನೋ ಇದ್ದೇ ಇರುತ್ತಾರೆ, ಓದುವವರೇ ದುಡಿಯುವವರು ಆಗಿರೋಕೆ ಸಾಧ್ಯವೇ ಇಲ್ಲ ಅಂತ ಯಾರು ತೀರ್ಮಾನ ಮಾಡಿದ್ದು?

ಆಫೀಸಿನವರು ಫೀಸು ಕೊಡ್ತಾರಲ್ಲ, ಕೇಳಿ ಅಂತ ಸಲಹೆ ಕೊಡುವವರಿದ್ದಾರೆ. ಕೇಳಿದೆ. ಮೊದಲು ಕೈಯಿಂದ ಪೂರ್ತಿ ಕಟ್ಟಬೇಕು. ಪಾಸಾಗಬೇಕು. ಅಂಕಪಟ್ಟಿ, ರಸೀದಿ ಎಲ್ಲ ಕೊಡಬೇಕು. ಆಮೇಲೆ ಒಂದು ಪಾಲು ವಾಪಸ್ ಬರುತ್ತೆ. ಮುಂದೆ ಕೆಲಸ ಬಿಟ್ಟರೆ ಅದನ್ನೂ ಕಕ್ಕಬೇಕು. ಕೈಯಲ್ಲಿ ಅಷ್ಟು ಗಂಟು ಮೊದಲೇ ಇದ್ದಿದ್ದರೆ ಇವರ ಹತ್ತಿರ ಯಾಕೆ ಹೋಗ್ತಿದ್ದೆ?

ನನಗೆ ಎಲ್ಲಕ್ಕಿಂತ ಸಿಟ್ಟು ಬಂದಿದ್ದು ರಸೀದಿ ನೋಡಿ. ನಾನು ಸೇರಿರುವುದು ಸಂಜೆ ಕ್ಲಾಸಿಗೆ, ಅದೂ ಎರಡೇ ವಿಷಯಕ್ಕೆ. ಬೋಧನಾ ಶುಲ್ಕದ ಕೆಳಗೆ ಲೈಬ್ರರಿ ಶುಲ್ಕ, ಕ್ರೀಡಾ ಶುಲ್ಕ, ಸಾಂಸ್ಕೃತಿಕ ಶುಲ್ಕ, ವಿದ್ಯಾರ್ಥಿ ಚಟುವಟಿಕೆ ಶುಲ್ಕ ಅಂತ ಸಾಲಾಗಿ ಇಳಿದುಕೊಂಡು ಹೋಗುತ್ತೆ. ಎಲ್ಲವೂ ಪೂರ್ತಿ, ಅರ್ಧ ಅನ್ನೋ ಮಾತೇ ಇಲ್ಲ. ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ಮೈದಾನದ ಗೇಟಿಗೆ ಬೀಗ ಬಿದ್ದಿರುತ್ತೆ. ಲೈಬ್ರರಿಯಲ್ಲಿ ದೀಪ ಆರಿಸುತ್ತಿರುತ್ತಾರೆ. ಬಳಸೋಕೆ ಬಿಡದ ಲೈಬ್ರರಿಗೆ ದುಡ್ಡು ಯಾಕೆ ಕೊಡಬೇಕು? ಇದರ ಮೇಲೆ, ಹಿಂದೆ ಪಾಸಾದ ವಿಷಯಗಳು ಹಳೇದಾದವು, ಮತ್ತೆ ಓದಿ ಅಂತಾರೆ. ಮತ್ತೆ ಓದಿ ಅಂದರೆ ಮತ್ತೆ ಕಟ್ಟಿ ಅಂತ ತಾನೇ?

ಬೇರೆ ದಾರಿಯೇ ಇಲ್ಲ ಅಂತ ಮಾತ್ರ ಹೇಳಬೇಡಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಶುರುವಾಗಿದ್ದು 1969ರಲ್ಲಿ, ಪಾಠ ಶುರು ಮಾಡಿದ್ದು 1971ರಲ್ಲಿ. ಕೆಲಸ ಮಾಡಿಕೊಂಡೇ ಓದಬಹುದು. ಅಲ್ಲಿ ಒಂದೊಂದೇ ಮಾಡ್ಯೂಲ್ ತಗೊಂಡು, ಅದಕ್ಕೆ ಮಾತ್ರ ಕಟ್ಟಿ ಮುಂದೆ ಹೋಗಬಹುದು. 2009ರಲ್ಲಿ ಶುರುವಾದ, ಆನ್‌ಲೈನ್‌ನಲ್ಲೇ ಪಾಠ ಮಾಡುವ ಯೂನಿವರ್ಸಿಟಿ ಆಫ್ ದಿ ಪೀಪಲ್‌ನಲ್ಲಿ ಪಾಠಕ್ಕೆ ಫೀಸಿಲ್ಲ, ಅರ್ಜಿಗೆ, ಕೋರ್ಸಿನ ಮೌಲ್ಯಮಾಪನಕ್ಕೆ ಅಂತ ಶುಲ್ಕ. ಇದೆಲ್ಲ ನಡೆಯುತ್ತಿರುವಾಗ ನಮ್ಮ ಕಾಲೇಜಿಗೆ ಒಂದು ಬಟನ್ ಸೇರಿಸೋಕೆ ಆಗಲ್ವಾ?

ಪುಕ್ಕಟೆ ಓದಿಸಿ ಅಂತ ನಾನು ಕೇಳುತ್ತಿಲ್ಲ. ಪೂರ್ತಿ ಫೀಸು ಕೊಡುತ್ತೇನೆ, ಒಂದು ಪೈಸೆ ಬಾಕಿ ಇಡಲ್ಲ. ತಿಂಗಳು ತಿಂಗಳು ತಗೊಳ್ಳಿ. ತಗೊಂಡ ವಿಷಯಕ್ಕೆ ಮಾತ್ರ ತಗೊಳ್ಳಿ. ಅರ್ಜಿಯಲ್ಲಿ ನನ್ನ ಆದಾಯ ಬರೆಯೋಕೆ ಒಂದು ಖಾನೆ ಕೊಡಿ. ಇಷ್ಟನ್ನೇ ಬರೆದು ಪ್ರಾಂಶುಪಾಲರಿಗೂ ಲೆಕ್ಕ ವಿಭಾಗಕ್ಕೂ ಕೊಟ್ಟಿದ್ದೇನೆ. ಇವತ್ತಿನವರೆಗೂ ಒಬ್ಬರೂ ಉತ್ತರ ಕೊಟ್ಟಿಲ್ಲ.