ಸಾವಿರ ಎಕರೆ ಹೊಲ ಹೇಗೆ ಬಂತು?

ಊರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮ ಚಿಕ್ಕಪ್ಪ ಒಂದೇ ಮಾತು ಎತ್ತುತ್ತಾರೆ. "ಅಲ್ಲಿ ಒಬ್ಬೊಬ್ಬ ರೈತ ಸಾವಿರಾರು ಎಕರೆ ಮಾಡ್ತಾನಂತೆ. ನಮ್ಮೋರು ಎರಡೆಕರೆ ಇಟ್ಕೊಂಡು ಒದ್ದಾಡ್ತಾರೆ. ಅವರ ಹಾಗೆ ಮಾಡೋಕೆ ನಮಗೇನು ಕಷ್ಟ?" ನಾನಿರುವುದು ಅಮೆರಿಕದ ನಟ್ಟನಡುವಿನ ಕ್ಯಾನ್ಸಸ್‌ನಲ್ಲಿ. ಗೋಧಿಯ ಸೀಮೆ, ದನದ ಸೀಮೆ. ಹೊಲ ದೊಡ್ಡದು ಅನ್ನುವುದು ನಿಜ. ಆದರೆ ಅದು ಬರೀ ಜಾಣತನದಿಂದ ಬಂತು ಅಂದರೆ ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಊರು ಮೊದಲು, ರೈಲು ಆಮೇಲೆ. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರಿಗೆ ರೈಲು ಬರುವ ಹೊತ್ತಿಗೆ ಪೇಟೆ ಹುಟ್ಟಿ ಮುನ್ನೂರು ವರ್ಷ ದಾಟಿತ್ತು. ಇಲ್ಲಿ ಎಷ್ಟೋ ಕಡೆ ಅದು ಉಲ್ಟಾ. ಹಳಿ ಬಂದ ಮೇಲೆ ಊರು ಎದ್ದಿತು. ಹಳಿ ಹಾಕಲಿ ಅಂತ ಸರ್ಕಾರ ಕಂಪನಿಗಳಿಗೆ ಜಮೀನು ಕೊಟ್ಟಿತು. ಸಾಂಟಾ ಫೆ ರೈಲ್ವೆ ಒಂದಕ್ಕೇ ಕ್ಯಾನ್ಸಸ್‌ನಲ್ಲಿ ಸುಮಾರು 30 ಲಕ್ಷ ಎಕರೆ. ಹಳಿಯ ಎರಡೂ ಬದಿಗೆ ಚದುರಂಗದ ಮಣೆಯ ಹಾಗೆ ಚೌಕ ಚೌಕ: ಒಂದು ಕಂಪನಿಗೆ, ಪಕ್ಕದ್ದು ಸರ್ಕಾರಕ್ಕೆ.

ಆ ಜಮೀನು ಸುಮ್ನೆ ಬಿದ್ದಿತ್ತು ಅಂತ ಹೇಳುವವರು ಇಲ್ಲೂ ಇದ್ದಾರೆ. ಬಿದ್ದಿರಲಿಲ್ಲ. ಈ ರಾಜ್ಯಕ್ಕೆ ಹೆಸರು ಕೊಟ್ಟ ಕಾ ಎಂಬ ಮೂಲನಿವಾಸಿ ಜನರನ್ನೇ 1873ರಲ್ಲಿ ಈಗಿನ ಓಕ್ಲಹೋಮಕ್ಕೆ ಸಾಗಹಾಕಿದರು. ಅದೇ ಸುಮಾರಿಗೆ ಕಾಡೆಮ್ಮೆಯಂಥ ಬೈಸನ್‌ಗಳನ್ನು ಹಿಂಡುಗಟ್ಟಲೆ ಕೊಂದು, ಚರ್ಮವನ್ನು ಡಾಡ್ಜ್ ಸಿಟಿಯಿಂದ ರೈಲಿಗೆ ಹಾಕಿದರು. ಚರ್ಮ ಮುಗಿದ ಮೇಲೆ ಬಯಲಲ್ಲಿ ಬಿದ್ದ ಮೂಳೆಯನ್ನೂ ಬಿಡಲಿಲ್ಲ. ಅದೂ ರೈಲು ಹತ್ತಿ ಗೊಬ್ಬರಕ್ಕೆ ಹೋಯಿತು.

ಬೈಸನ್ ಮೇಯುತ್ತಿದ್ದ ಹುಲ್ಲಿಗೆ ಆಮೇಲೆ ಬಂದದ್ದು ದನ. ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನಲ್ಲಿ ಉದ್ದ ಕೊಂಬಿನ ದನ ಲೆಕ್ಕವಿಲ್ಲದಷ್ಟಿದ್ದವು, ಕೊಳ್ಳುವವರಿರಲಿಲ್ಲ. ಅಲ್ಲಿ ನಾಲ್ಕೈದು ಡಾಲರ್‌ಗೆ ಸಿಗುವ ದನಕ್ಕೆ ಉತ್ತರದ ಪೇಟೆಗಳಲ್ಲಿ ಅದರ ಹತ್ತರಷ್ಟು ಬೆಲೆ. ಜೋಸೆಫ್ ಮೆಕಾಯ್ ಎಂಬ ವ್ಯಾಪಾರಿ 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್ ಅನ್ನುವ ಪುಟ್ಟ ಹಳ್ಳಿಯಲ್ಲಿ, ರೈಲು ಹಳಿಯ ಪಕ್ಕ ದೊಡ್ಡ ದೊಡ್ಡಿ ಕಟ್ಟಿದ. ಕೌಬಾಯ್‌ಗಳು ಟೆಕ್ಸಾಸ್‌ನಿಂದ ತಿಂಗಳುಗಟ್ಟಲೆ ದನ ನಡೆಸಿಕೊಂಡು ಬಂದು ಅಲ್ಲಿ ವ್ಯಾಗನ್‌ಗೆ ಹತ್ತಿಸಿದರು. ದಾರಿಯುದ್ದಕ್ಕೂ ಮೇವು ಪುಕ್ಕಟೆ. ಅದೇ ಇಡೀ ವ್ಯಾಪಾರದ ಗುಟ್ಟು. ಇವತ್ತು ಪ್ರತಿಮೆ, ಹಾಡು, ಟೋಪಿ ಎಲ್ಲ ಕೌಬಾಯ್‌ಗೆ ಸಲ್ಲುತ್ತವೆ. ಅವನು ಕೂಲಿಯವನು ಮಾರಾಯ್ರೆ! ದುಡ್ಡು ಇದ್ದದ್ದು ದೊಡ್ಡಿ ಕಟ್ಟಿದವನ, ಹಳಿ ಹಾಕಿದವನ ಹತ್ತಿರ.

ಈ ಆಟ ಇಪ್ಪತ್ತು ವರ್ಷವೂ ನಡೆಯಲಿಲ್ಲ. ಟೆಕ್ಸಾಸ್ ದನ ನಡೆದುಹೋದ ಕಡೆ ಸ್ಥಳೀಯರ ದನ ಜ್ವರ ಬಂದು ಸಾಯುತ್ತಿದ್ದವು. ಮೈಗೆ ಕಚ್ಚಿಕೊಂಡು ಬಂದ ಉಣ್ಣೆಯೇ ಕಾರಣ ಅಂತ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1893ರಲ್ಲಿ. ಆದರೆ ಟೆಕ್ಸಾಸ್ ದನದ ಜೊತೆ ರೋಗ ಬರುತ್ತದೆ ಅಂತ ರೈತರಿಗೆ ಮೊದಲೇ ಗೊತ್ತಿತ್ತು, ಕೋವಿ ಹಿಡಿದು ದಾರಿಗೆ ಅಡ್ಡ ನಿಂತರು. ಸರ್ಕಾರ ಟೆಕ್ಸಾಸ್ ದನ ದಾಟಬಾರದ ಗೆರೆಯನ್ನು ಪಶ್ಚಿಮಕ್ಕೆ ತಳ್ಳುತ್ತಾ ಹೋಗಿ 1885ರಲ್ಲಿ ಇಡೀ ರಾಜ್ಯಕ್ಕೇ ಆ ದನ ಬರದಂತೆ ಮಾಡಿತು. ಅಷ್ಟರಲ್ಲಿ ಮುಳ್ಳುತಂತಿಯೂ ಬಂದಿತ್ತು. 1886ರ ಜನವರಿಯ ಹಿಮಗಾಳಿಗೆ ಬಯಲಲ್ಲಿದ್ದ ದನ ರಾಶಿ ರಾಶಿ ಸತ್ತವು.

ನಮ್ಮ ಗೋಮಾಳ ಇಷ್ಟು ಬೇಗ ಮುಗಿಯಲಿಲ್ಲ. ಅದಕ್ಕೆ ಊರು ಇತ್ತು, ಕಟ್ಟುಪಾಡು ಇತ್ತು. ಮೈಸೂರು ಅರಸರ ಅಮೃತಮಹಲ್ ಕಾವಲುಗಳನ್ನೇ ನೋಡಿ. ಅವು ಸರ್ಕಾರದ್ದೇ, ಕಾಯುವವರಿದ್ದರು, ದನವನ್ನು ಕಾಲಕ್ಕೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ದಂಡಿನ ಫಿರಂಗಿ ಎಳೆಯಲು ಸಾಕಿದ ಎತ್ತು ಅವು. ಇಲ್ಲಿನ ದನ ಶಿಕಾಗೋ ಕಸಾಯಿಖಾನೆಗೆ. ಹುಲ್ಲು ಯಾರದ್ದೂ ಅಲ್ಲ, ಮೊದಲು ಬಂದವನು ಮೇಯಿಸಿದ. ಹಾಗಂತ ನಾವು ಬೀಗುವಂತಿಲ್ಲ. ಮುಳ್ಳುತಂತಿ ಇಲ್ಲದೆಯೇ ಗೋಮಾಳ ಒತ್ತುವರಿ ಆಯಿತು. ಚಳ್ಳಕೆರೆ ಕಡೆಯ ದೊಡ್ಡ ಕಾವಲು ಸಂಶೋಧನಾ ಸಂಸ್ಥೆಗಳ ಪಾಲಾಯಿತು.

ದನದ ಜಾಗಕ್ಕೆ ಗೋಧಿ ಬಂತು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉತ್ತರೆ 160 ಎಕರೆ ಹೆಚ್ಚುಕಮ್ಮಿ ಪುಕ್ಕಟೆ. ರೈಲ್ವೆಯೂ ತನ್ನ ಚೌಕಗಳನ್ನು ಮಾರಲು ಯುರೋಪಿಗೆ ಏಜೆಂಟರನ್ನು ಕಳಿಸಿತು. ಊರಲ್ಲಿ ಜನ ಇಲ್ಲದಿದ್ದರೆ ರೈಲಿಗೆ ಸರಕು ಎಲ್ಲಿಂದ ಬರಬೇಕು? 1874ರಲ್ಲಿ ರಷ್ಯಾದಿಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು ಬಂದು ನೆಲೆಸಿದರು. ಈ ನೆಲಕ್ಕೆ ಒಗ್ಗುವ 'ಟರ್ಕಿ ರೆಡ್' ಗೋಧಿ ಅವರ ಜೊತೆ ಬಂತು. ಚಳಿಗಾಲಕ್ಕೆ ಮುಂಚೆ ಬಿತ್ತಿ ಬೇಸಿಗೆಯಲ್ಲಿ ಕೊಯ್ಯುವ ತಳಿ.

ಆದರೆ ಡಾಡ್ಜ್ ಸಿಟಿ ಸುತ್ತ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸು. ನಮ್ಮ ಬಯಲುಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೇಗಿಲು ಹೋದಲ್ಲಿಗೆ ಮಳೆ ಹಿಂದೆಯೇ ಬರುತ್ತದೆ ಅಂತ ಜಮೀನು ಮಾರುವವರು ಜನರನ್ನು ನಂಬಿಸಿದ್ದರು! ಮಳೆ ಬರಲಿಲ್ಲ, ಸಾಲ ಬಂತು. ರೈಲು ಬಾಡಿಗೆ ಕಟ್ಟಿ ಸಾಕಾದ ರೈತರು 1890ರ ದಶಕದಲ್ಲಿ ತಮ್ಮದೇ ಪಕ್ಷ ಕಟ್ಟಿ ಈ ರಾಜ್ಯದ ಗವರ್ನರ್ ಹುದ್ದೆಯನ್ನೂ ಗೆದ್ದರು. 1930ರ ದಶಕದಲ್ಲಿ ಉತ್ತ ಮಣ್ಣೇ ಧೂಳಾಗಿ ಹಾರಿತು. ಜನ ಮಾರಿ ಹೊರಟರು. ಉಳಿದವನು ಪಕ್ಕದ ಹೊಲ ಕೊಂಡ, ಅವನೂ ಹೋದಾಗ ಇನ್ನೊಬ್ಬ ಕೊಂಡ. ಸಾವಿರ ಎಕರೆ ಆದದ್ದು ಹೀಗೆ. ಪಶ್ಚಿಮದ ಎಷ್ಟೋ ಕೌಂಟಿಗಳಲ್ಲಿ ನೂರು ವರ್ಷದ ಹಿಂದೆ ಇದ್ದಷ್ಟು ಜನ ಇವತ್ತಿಲ್ಲ. ನಮ್ಮಲ್ಲಿ ಹೊಲ ಸಣ್ಣದಾದದ್ದು ಅಣ್ಣತಮ್ಮಂದಿರು ಊರಲ್ಲೇ ಉಳಿದು ಪಾಲು ಮಾಡಿಕೊಂಡಿದ್ದರಿಂದ. ಎರಡರಲ್ಲಿ ಯಾವುದು ಸರಿ ಅಂತ ಬರೀ ಎಕರೆ ಎಣಿಸಿ ಹೇಳಲು ಬರುವುದಿಲ್ಲ, ಅಲ್ವಾ?

ದನ ಮಾತ್ರ ವಾಪಸ್ ಬಂದಿದೆ. ಇಲ್ಲಿನ ಗಾರ್ಡನ್ ಸಿಟಿ ಅನ್ನುವ ಊರಿನ ಸುತ್ತ ಸಾವಿರಾರು ದನ ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸುವ ದೊಡ್ಡಿಗಳಿವೆ, ಮಾಂಸದ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವವರಲ್ಲಿ ಹೊರದೇಶದಿಂದ ಬಂದವರೇ ಜಾಸ್ತಿ. ಆ ಮೇವಿಗೆ ನೀರು ಓಗಲಾಲ ಅನ್ನುವ ಅಂತರ್ಜಲದ್ದು. ಮಳೆ ತುಂಬುವುದಕ್ಕಿಂತ ಬಹಳ ಬೇಗ ಪಂಪ್‌ಗಳು ಅದನ್ನು ಎತ್ತುತ್ತಿವೆ. ಕೆಲವು ಕಡೆ ಬಾವಿ ಸೋತು ರೈತರು ಮತ್ತೆ ಮಳೆ ನಂಬಿದ ಬೇಸಾಯಕ್ಕೆ ಮರಳಿದ್ದಾರೆ. ಈ ವಿಷಯದಲ್ಲಿ ಮಾತ್ರ ಕೋಲಾರದವರು ಇಲ್ಲಿಗೆ ಬಂದು ಪಾಠ ಹೇಳಬಹುದು.