ಜೈಲಿನಿಂದ ಬಂದ ಹೆಂಗಸರಿಗೆ ಪುಕ್ಕಟೆ ಮನೆಯಂತೆ! ಹಾಗೇನಿಲ್ಲ

‘ತಪ್ಪು ಮಾಡಿ ಜೈಲಿಗೆ ಹೋದ ಹೆಂಗಸರಿಗೆ ಹೊರಬಂದ ತಕ್ಷಣ ಸ್ವಂತ ಮನೆ ಸಿಗುತ್ತದೆ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಸಿಗುವುದು ಸ್ವಂತ ಮನೆಯಲ್ಲ, ಜೈಲಿಗೂ ಹೊರಬದುಕಿಗೂ ನಡುವೆ ಸ್ವಲ್ಪ ಕಾಲ ತಂಗುವ ಜಾಗ. ಇಂಗ್ಲಿಷಿನಲ್ಲಿ ಇದಕ್ಕೆ ‘ಹಾಫ್‌ವೇ ಹೌಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಕೆಲವು ತಿಂಗಳು, ಅದೂ ನಿಯಮಗಳ ಜೊತೆ. ಕೆಲವು ಕಡೆ ಕೆಲಸ ಸಿಕ್ಕ ಮೇಲೆ ಬಾಡಿಗೆಯ ಪಾಲನ್ನೂ ಕೊಡಬೇಕು. ಮನೆ ಯಾರ ಹೆಸರಿಗೂ ಆಗುವುದಿಲ್ಲ. ಬೇಡಿಕೆ ಜಾಸ್ತಿ, ಜಾಗ ಕಡಿಮೆ. ಹಾಗಾಗಿ ಕೇಳಿದವರಿಗೆಲ್ಲ ಸಿಗುವುದೂ ಇಲ್ಲ.

‘ಅವರವರ ಮನೆಗೇ ಹೋಗಲಿ’ ಎನ್ನುವವರೂ ಇದ್ದಾರೆ. ಹೇಳೋದು ಸುಲಭ ಅಲ್ವಾ? ಎಷ್ಟೋ ಹೆಂಗಸರಿಗೆ ಆ ಮನೆಯಲ್ಲೇ ಹೊಡೆತ ಬಿದ್ದಿರುತ್ತದೆ. ಕೆಲವರನ್ನು ಮನೆಯವರೇ ಬಾಗಿಲಿಗೆ ಸೇರಿಸುವುದಿಲ್ಲ. ವಿಳಾಸ ಇಲ್ಲದಿದ್ದರೆ ಕೆಲಸ ಹುಡುಕುವುದು, ಬ್ಯಾಂಕ್ ಖಾತೆ ತೆರೆಯುವುದು, ದೂರವಾದ ಮಕ್ಕಳನ್ನು ಮತ್ತೆ ಹತ್ತಿರ ತಂದುಕೊಳ್ಳುವುದು ಎಲ್ಲವೂ ಕಷ್ಟ. ಮಾದಕ ವಸ್ತುವಿನ ಚಟ ಇದ್ದವರಿಗಂತೂ ಬಿಡುಗಡೆಯಾದ ಮೊದಲ ಕೆಲವು ವಾರಗಳೇ ಜೀವಕ್ಕೆ ಅಪಾಯದವು. ಒಳಗಿದ್ದಾಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ. ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಸಾವು ಬರಬಹುದು.

‘ಇದೆಲ್ಲ ಈಚಿನ ಓಲೈಕೆ’ ಎಂಬ ಮಾತೂ ಸಂದೇಶದಲ್ಲಿದೆ. ಅದೂ ಸರಿಯಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2010ರಲ್ಲೇ ಮಹಿಳಾ ಕೈದಿಗಳಿಗಾಗಿ ಬ್ಯಾಂಕಾಕ್ ನಿಯಮಗಳನ್ನು ಒಪ್ಪಿಕೊಂಡಿತು. ಒಟ್ಟು 70 ನಿಯಮಗಳು. ಜೈಲಿನಿಂದ ಹೊರಬದುಕಿಗೆ ಬರುವಾಗ ಇಂಥ ಹಾಫ್‌ವೇ ಹೌಸ್‌ಗಳನ್ನು ಸಾಧ್ಯವಾದಷ್ಟೂ ಬಳಸಬೇಕು ಎಂದು 45ನೇ ನಿಯಮ ಹೇಳುತ್ತದೆ. ಬಿಡುಗಡೆಯ ನಂತರವೂ ನೆರವು ಬೇಕು ಎನ್ನುವುದು 47ನೇ ನಿಯಮ.